ಸೋಮವ್ವನ ಅಂಗಿ

ಫೆಬ್ರವರಿ ೧೯, ಗುರುವಾರ. ಬ್ಯಾಡಗಿ

ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕಬೇಕು.

ಸೋಮವಾರ ಎದುರಿನ ಮೆಣಸಿನಕಾಯಿ ಗೋದಾಮಿನಲ್ಲಿ ಮ್ಯಾನೇಜರ್ ಹಮಾಲ ದಾದಾಪೀರನ ಕಪಾಳಕ್ಕೆ ಹೊಡೆದದ್ದನ್ನು ನನ್ನ ಝೆರಾಕ್ಸ್ ಅಂಗಡಿಯಿಂದಲೇ ಮೊಬೈಲಿನಲ್ಲಿ ಹಿಡಿದಿದ್ದೆ. ಮ್ಯಾನೇಜರನ ಬೆನ್ನ ಹಿಂದೆ ತೊಟ್ಟು ಬಿಡಿಸುತ್ತ ಕುಳಿತ ಹೆಂಗಸರಲ್ಲಿ ಒಬ್ಬಳು ಎದ್ದು ಅವನಿಗೆ ಚಪ್ಪಲಿ ತೋರಿಸಿದ್ದೂ ಅದರಲ್ಲಿತ್ತು. ಪೇಟೆಯ ವಾಟ್ಸಾಪ್ ಗ್ರೂಪಿಗೆ ಹಾಕುವ ಮೊದಲು ಹೆಂಗಸರ ಮುಖಗಳನ್ನೆಲ್ಲ ಮಸುಕು ಮಾಡಿದೆ. ಘಾಟಿಗೆ ಅವರು ಮೊದಲೇ ಮುಖಕ್ಕೆ ಬಟ್ಟೆ ಕಟ್ಟಿದ್ದರು. ಕಾಣುತ್ತಿದ್ದ ಕಣ್ಣುಗಳನ್ನೂ ನಾನು ಬಿಡಲಿಲ್ಲ.

ಇವತ್ತು ಸಂಜೆ ಸೋಮವ್ವ ಅಂಗಡಿಗೆ ಬಂದಳು. ಚಪ್ಪಲಿ ತೋರಿಸಿದಾಕೆ ಅವಳೇ.

“ನಾಳಿಂದ ಬರಬ್ಯಾಡ ಅಂದಾರ ತಂಗಿ.”

“ಮಾರಿ ಕಾಣದಂಗ ಮಾಡಿದ್ನಲ್ಲ ಯಕ್ಕಾ?”

“ಅಲ್ಲಿ ಯಾರ ಮಾರಿ ಯಾರಿಗೆ ಕಾಣತೈತಿ? ಅಂಗಿ ನೋಡೇ ಕರೀತಾರ ನಮ್ಮನ್ನ.”

ಸೀರೆಯ ಮೇಲೆ ಗಂಡನ ನೀಲಿ ಚೌಕಳಿ ಅಂಗಿ. ದಿನಾ ಅದನ್ನೇ ಹಾಕುತ್ತಾಳೆ. ನಾನೂ ಅವಳನ್ನು ದೂರದಿಂದ ಗುರುತಿಸುವುದು ಆ ಅಂಗಿಯಿಂದಲೇ. ಹೊಳೆಯಲಿಲ್ಲವಲ್ಲ!

ತಡೆಯಲಾರದೆ ಗೋದಾಮಿನ ಮಾಲೀಕರಿಗೆ ಫೋನ್ ಮಾಡಿದೆ. ಸೋಮವ್ವನನ್ನು ಕೆಲಸ ಬಿಡಿಸಿದಿರಿ, ಹೊಡೆದವನಿಗೆ ಏನು ಮಾಡಿದಿರಿ ಎಂದು ಕೇಳಿದೆ.

“ಹೊಡದಾಂವ ಯಾರಂತ ವಿಡಿಯೋದಾಗ ಗುರುತ ಹತ್ತವಲ್ದುರಿ,” ಎಂದರು.

ಈಗ ಮತ್ತೆ ತೆಗೆದು ನೋಡಿದೆ. ಮ್ಯಾನೇಜರನ ಮುಖವನ್ನು ನಾನು ಮುಟ್ಟಿಯೇ ಇಲ್ಲ. ಮೀಸೆಯ ಕೂದಲು ಎಣಿಸಬಹುದು, ಅಷ್ಟು ಸ್ಪಷ್ಟವಾಗಿದೆ. ಅವನೊಬ್ಬನದೇ ಗುರುತು ಸಿಗಲಿಲ್ಲವಂತೆ.