ಸೆಂಟು ಪೂಸಿದ ಕಂಬ

ವಿಲಿಸ್ಟನ್ ಹತ್ತಿರ, ಬಾರೆಂಡ್ ಧಣಿಯ ಕುರಿಫಾರ್ಮು
ಬುಧವಾರ, ಸೆಪ್ಟೆಂಬರ್ 14, 2011

ಮುಖ ತಿರುಗಿಸಿಕೊಂಡು ಹೋದ ನನ್ನ ಫ್ಲೂರ್ಸ್‌ಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಿಮ್ಮಣ್ಣನ ಹೆಂಡತಿ ಎತ್ತಿ, "ಅವ್ನು ಹೊರಗೆ ಹೋಗಿದಾನೆ ಕಣೇ" ಅನ್ನುತ್ತಾಳೆ. ಅವಳ ಹಿಂದೆಯೇ ನೀನು ಕೆಮ್ಮುವುದು ಕೇಳಿಸುತ್ತದೆ. ಹದಿನೈದು ವರ್ಷ ಆ ಕೆಮ್ಮಿನ ಪಕ್ಕ ಮಲಗಿದ್ದೇನೆ, ನನಗೆ ಗುರುತು ಸಿಗುವುದಿಲ್ಲವೇ? ಅದಕ್ಕೇ ಈ ಕಾಗದ. ಬ್ರೆಡ್ ವ್ಯಾನಿನವನು ನಾಳೆ ನಿಮ್ಮಣ್ಣನ ಊರು ಕಾಲ್ವಿನಿಯಾಗೆ ಬರುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಲಕೋಟೆಗೆ ಎರಡು ಸಲ ಹಿಟ್ಟಿನ ಅಂಟು ಹಚ್ಚುತ್ತೇನೆ. ಅವನು ಬೇರೆಯವರ ಕಾಗದ ಓದುವ ಪೈಕಿ.

ಡೀನಾ ಚೆನ್ನಾಗಿದ್ದಾಳೆ. ಮುಂದಿನ ಎರಡು ಹಲ್ಲು ಬಿದ್ದಿವೆ. ಉಣ್ಣೆ ಕತ್ತರಿಸುವುದು ಮುಗಿಯುವ ತನಕ ಮನೆಯಲ್ಲಿರಿ, ಆಮೇಲೆ ಖಾಲಿ ಮಾಡಿ ಅಂದಿದ್ದಾರೆ ಧಣಿ. ಅವರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದಕ್ಕೆ ಮಾತ್ರ ನಾನು ಈಗಲೂ ಬೇಕು. ಮೊದಲು ನನ್ನ ಜೊತೆ ಕಷ್ಟಸುಖ ಮಾತಾಡುತ್ತಿದ್ದ ಅಮ್ಮಾವ್ರು ಈಗ ಬೆರಳು ತೋರಿಸಿ ಕೆಲಸ ಹೇಳುತ್ತಾರೆ.

ನಿನ್ನ ಗೆಳೆಯ ಅಪೋಲ್ಸ್‌ಗೆ ನೀನು ಹೇಳಿಕಳಿಸಿದ ಮಾತು ನನ್ನ ಕಿವಿಗೂ ಬಿತ್ತು. "ಶನಿವಾರ ಬರ್ತೀನಿ, ಮೈ ಗಟ್ಟಿ ಮಾಡ್ಕೊಂಡಿರು" ಅಂದೆಯಂತೆ. ಯಾರಿಗೆ ಹೇಳುತ್ತಿದ್ದೀಯ, ಗೊತ್ತಿದೆಯಾ? ಕುದುರೆಯಿಂದ ಬಿದ್ದು ಸೊಂಟ ಮುರಿದುಕೊಂಡವನಿಗೆ. ಡೀನಾಳ ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡು ನಿಂತವನಿಗೆ. ಮೊನ್ನೆ ನಮ್ಮ ಮೆಟ್ಟಿಲ ಹತ್ತಿರ ಬಂದು ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದ. ಒಳಗೆ ಬಾ ಅಂದರೂ ಬರಲಿಲ್ಲ. "ಮೀಟಾ, ನಾನು ಧಣಿ ಹತ್ರ ಬಾಯಿ ಬಿಟ್ಟಿಲ್ಲ ಕಣಮ್ಮ. ಬೆಕ್ಕಿನ ವಿಷಯ ಅವ್ನು ನನಗೊಬ್ಬನಿಗೇ ಹೇಳಿದ್ದ, ಅದಕ್ಕೇ ಕಳ್ಳ ಆಗ್ಬಿಟ್ಟೆ. ಹೊಡೆದ್ರೆ ಹೊಡೀಲಿ ಬಿಡು, ನಾನು ಕೈ ಎತ್ತಲ್ಲ" ಅಂದ. ಕಾಫಿ ಕೊಟ್ಟೆ. ಲೋಟ ಅರ್ಧಕ್ಕೇ ಇಟ್ಟು ಹೋದ.

ಇದು ನನಗೆ ಉರಿಯುವ ಮಾತು, ಫ್ಲೂರ್ಸ್. ನೀನು ಅಪೋಲ್ಸ್‌ಗೆ ಹೇಳಿದೆ. ನನಗೆ ಹೇಳಲಿಲ್ಲ.

ನನ್ನ ಜಾಗದಲ್ಲಿ ನಿಂತು ನೋಡು. ಜುಲೈಯಿಂದ ವಾರಕ್ಕೆ ಎರಡು ಸಂಜೆ ನೀನು ಮನೆಯಲ್ಲಿಲ್ಲ. ಕೇಳಿದರೆ ಚರ್ಚಿನಲ್ಲಿ ಹಾಡಿನ ಅಭ್ಯಾಸ ಅಂದೆ. ನೀನು ಹಾಡಿದರೆ ಕುರಿಗಳೂ ಮೇವು ಬಿಡುತ್ತವೆ. ಆಮೇಲೆ ಅಂಗಿಯಲ್ಲಿ ಸೆಂಟಿನ ವಾಸನೆ. ಅಗ್ಗದ್ದಲ್ಲ, ಪೇಟೆ ಹೆಂಗಸರು ಹಾಕುವಂಥದ್ದು. ಆ ಅಂಗಿಯನ್ನು ಮೂರು ನೀರಿನಲ್ಲಿ ಒಗೆದೆ, ಹೋಗಲಿಲ್ಲ. ಅದೇ ತಿಂಗಳು ವಿಲಿಸ್ಟನ್ ಅಂಗಡಿ ಮುಂದೆ ಕೇಪ್‌ಟೌನ್ ನಂಬರಿನ ಜೀಪಿಗೆ ಒರಗಿ ನೀನು ನಗುತ್ತಿದ್ದದ್ದನ್ನು ನೋಡಿದೆ. ಒಳಗೆ ಕೂತವಳ ಕೈ ಮಾತ್ರ ಕಾಣಿಸಿತು. ಬೆಳ್ಳಿ ಬಳೆ. ನಾನು ಏನಂದುಕೊಳ್ಳಬೇಕಿತ್ತು?

ಒಂದು ವಿಷಯ ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಅದೇ ಹೊತ್ತಿಗೆ ನೀನು ಸೋಪು ಬಿಟ್ಟಿದ್ದೆ, ಬೀಡಿಯನ್ನೂ ಬಿಟ್ಟಿದ್ದೆ. ಬರೀ ನೀರು ಸುರಿದುಕೊಂಡು, ಕುರಿಹಟ್ಟಿಯ ಹಳೇ ಕೋಟು ಹಾಕಿಕೊಂಡು ಹೊರಡುತ್ತಿದ್ದೆ. ಯಾವ ಗಂಡಸು ಹಾಗೆ ಹೆಣ್ಣಿನ ಹತ್ತಿರ ಹೋಗುತ್ತಾನೆ? ಅನುಮಾನ ಹೊಕ್ಕ ತಲೆಗೆ ಅದೂ ಕಳ್ಳತನದ ಗುರುತಾಗಿಯೇ ಕಂಡಿತು.

ಧಣಿ ಕಣಿವೆಗೆ ನಾಯಿ ಬಿಟ್ಟ ಮರುದಿನ ಜೀಪಿನ ಆ ಮೇಡಂ, ಅಲ್ಲಿ ಅವರಿಗೆ ಸಿಕ್ಕಿದ್ದ ತನ್ನ ಕ್ಯಾಮೆರಾ ಕೇಳಿಕೊಂಡು ಬಂದಳು. ಧಣಿ ಅದನ್ನು ಗೇಟಿನಾಚೆ ಮಣ್ಣಿಗೆ ಎಸೆದರು. ನಾನು ಹೆಕ್ಕಿಕೊಟ್ಟೆ. ಇಲ್ಸಾ ಅಂತ ಹೆಸರು. ಅರವತ್ತು ದಾಟಿದೆ, ಬಿಸಿಲಿಗೆ ಮೂಗು ಸುಲಿದಿದೆ, ಗಂಡಸರ ಬೂಟು. ಅವಳೇ ಬಿಡಿಸಿ ಹೇಳಿದಳು: "ಕಾಡಿನ ಕೆಂಪುಬೆಕ್ಕು ಸೆಂಟಿನ ವಾಸನೆಗೆ ಮರುಳಾಗುತ್ತಮ್ಮ. ಕಂಬಕ್ಕೆ ಬಟ್ಟೆ ಕಟ್ಟಿ ಸೆಂಟು ಪೂಸಿದ್ರೆ ಕೆನ್ನೆ ಉಜ್ಜೋಕೆ ಬಂದು ನಿಲ್ಲುತ್ತೆ, ಆಗ ಫೋಟೋ ಸಿಗುತ್ತೆ. ನಿಮ್ಮೋರು ಸೋಪು ಮುಟ್ಟುತ್ತಿರಲಿಲ್ಲ, ಮನುಷ್ಯರ ವಾಸನೆ ಹತ್ತಬಾರದು ಅಂತ." ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕುರಿ ತಿನ್ನುವ ಬೆಕ್ಕುಗಳಿಗೆ ಬೋನು ಇಡುವುದೇ ನಿನ್ನ ಕೆಲಸ. ಕಣಿವೆಯಲ್ಲಿ ಒಂದೂ ಇಲ್ಲ ಅಂತ ಧಣಿಗೆ ಹೇಳುತ್ತಾ ಬಂದು, ಅಲ್ಲೇ ಒಂದು ತಾಯಿಬೆಕ್ಕನ್ನೂ ಎರಡು ಮರಿಯನ್ನೂ ಕಾಪಾಡಿಕೊಂಡಿದ್ದೆ. ಬಾಯಿ ಕಟ್ಟಿಕೊಂಡದ್ದು ಯಾಕೆ ಅಂತ ಈಗ ಗೊತ್ತಾಯಿತು. ಧಣಿ ಮೂರನ್ನೂ ಕೊಂದು ತಂದು ಬೇಲಿಗೆ ತೂಗುಹಾಕಿದ ದಿನ ನೀನು ಟೊಪ್ಪಿ ಹಾಕಿಕೊಂಡು ನಡೆದುಬಿಟ್ಟೆ. ನನ್ನ ಕಡೆಯೂ ನೋಡಲಿಲ್ಲ.

ಆದರೆ ಧಣಿಗೆ ಹೇಳಿದವನು ಅಪೋಲ್ಸೇ ಅಂತ ಹೇಗೆ ಗಂಟು ಹಾಕಿದೆ? ಬ್ರೆಡ್ ವ್ಯಾನಿನವನು ಜೀಪು ನೋಡಿರಬಹುದು. ಅವನ ಬಾಯಿಗೆ ಬೀಗ ಇದೆಯೇ? ಆ ಮೇಡಮ್ಮೇ ಹೋಟೆಲಿನಲ್ಲಿ ಊಟ ಮಾಡುತ್ತಾ ಯಾರಿಗೋ ಜಂಬ ಕೊಚ್ಚಿಕೊಂಡಿರಬಹುದು. ಧಣಿಯ ನಾಯಿಗಳಿಗೆ ಮೂಗಿಲ್ಲವೇ? ನನ್ನನ್ನು ಕೇಳಬೇಡ, ಆ ಕಣಿವೆಯ ಕಡೆ ನಾನು ಕಾಲೂ ಇಟ್ಟವಳಲ್ಲ. ಯಾರು ಹೇಳಿದರು ಅನ್ನುವುದು ಗೊತ್ತಾಗದೇ ಹೋಗಬಹುದು. ಗೊತ್ತಾಗದೇ ಹೋದರೇ ಒಳ್ಳೆಯದು ಅಂತಲೂ ಅನ್ನಿಸುತ್ತದೆ.

ಸೋಮವಾರ ಅಂಚೆಯಲ್ಲಿ ಮೇಡಂ ಫೋಟೋ ಕಳಿಸಿದ್ದಾಳೆ, ಕಟ್ಟಿನ ಮೇಲೆ ನಿನ್ನ ಹೆಸರು. ಒಡೆದು ನೋಡಿದೆ, ಬೈಯಬೇಡ. ಒಂದರಲ್ಲಿ ನರಿ ಕಂಬಕ್ಕೆ ಕಾಲೆತ್ತಿದೆ. ಇನ್ನೊಂದರಲ್ಲಿ ಆಮೆ ಹೋಗುತ್ತಿದೆ, ಅದಕ್ಕೆ ಸೆಂಟಿನ ಗೊಡವೆಯೇ ಇಲ್ಲ. ಮಿಕ್ಕವೆಲ್ಲ ಆ ತಾಯಿಬೆಕ್ಕಿನದೇ. ಕಿವಿತುದಿಯ ಕರಿ ಕುಚ್ಚು ಹಿಂದಕ್ಕೆ ಬಾಗಿಸಿ, ಕಣ್ಣು ಮುಚ್ಚಿ, ಬಟ್ಟೆಗೆ ಕೆನ್ನೆ ಒತ್ತಿಕೊಂಡು ನಿಂತಿದ್ದಾಳೆ. ಮರಿಗಳಿಗೆ ಮೈಗಿಂತ ಕಿವಿಯೇ ದೊಡ್ಡದು. ಡೀನಾ ಒಂದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ, ಅದೊಂದು ಬಿಟ್ಟು ಎಲ್ಲ ಇದರೊಳಗಿವೆ. ಅಷ್ಟು ದಿನ ಕುರಿ ಕದಿಯುವ ಪೀಡೆ ಅಂತಲೇ ಬೈದಿದ್ದೆ. ಈ ಫೋಟೋ ನೋಡುತ್ತಾ ಒಲೆ ಮುಂದೆ ಕೂತು ಅತ್ತೆ, ರೊಟ್ಟಿ ಸೀದುಹೋಯಿತು.

ಶನಿವಾರ ಬಾ. ಬಂದು ಮಗಳನ್ನು ನೋಡು. ಮನೆ ಹೋದರೆ ಹೋಗಲಿ, ವಿಲಿಸ್ಟನ್‌ನಲ್ಲಿ ನಮ್ಮಕ್ಕ ಒಂದು ಕೋಣೆ ಬಿಟ್ಟುಕೊಡುತ್ತಾಳೆ. ನೀನಿಲ್ಲದೆ ಆ ಕೋಣೆ ಕಟ್ಟಿಕೊಂಡು ಏನು ಮಾಡಲಿ? ಆದರೆ ಅಪೋಲ್ಸ್ ಮನೆ ಕಡೆ ಹೋಗಬೇಡ, ನನ್ನ ಆಣೆ.

ನಿನ್ನ ಕೆಮ್ಮಿಲ್ಲದೆ ನಿದ್ದೆ ಬಾರದ,
ಮೀಟಾ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಲು ಕೂತು, ಅಂಟು ಒಣಗುವ ತನಕ ಸುಮ್ಮನೆ ಕೂತಿದ್ದೆ. ಮೇಡಂ ಇನ್ನೊಂದು ಫೋಟೋವನ್ನು ಬೇರೆ ಕಾಗದದಲ್ಲಿ ಸುತ್ತಿ ನನ್ನ ಹೆಸರು ಬರೆದು ಕಳಿಸಿದ್ದಳು. ಅದನ್ನು ಒಲೆಗೆ ಹಾಕಬೇಕೆಂದು ಎರಡು ಸಲ ಎದ್ದೆ. ಹಾಕಲಿಲ್ಲ, ಇದರೊಳಗೇ ಇಟ್ಟಿದ್ದೇನೆ. ಹೆಂಗಸೊಬ್ಬಳು ಕಂಬದ ಬಟ್ಟೆಯನ್ನು ಮೂಗಿಗೆ ಹಿಡಿದು ನೇರ ನಿನ್ನನ್ನೇ ನೋಡುತ್ತಿದ್ದಾಳೆ. ಮರಕ್ಕೆ ಕಟ್ಟಿದ ಆ ಪೆಟ್ಟಿಗೆ ಕ್ಯಾಮೆರಾ ಅಂತ ನನಗೆ ಗೊತ್ತಿರಲಿಲ್ಲ. ಆ ಬಟ್ಟೆ ಜೀಪಿನವಳ ಕೊರಳಿನದು ಅಂದುಕೊಂಡೆ. ಕೆಳಗೆ ತಾರೀಖಿದೆ, ಆಗಸ್ಟ್ 23. ಮರುದಿನ ಬೆಳಿಗ್ಗೆ ಕಾಫಿ ಕೊಡುತ್ತಾ ಧಣಿಗೆ, "ಯಾವಳೋ ನಿಮ್ಮ ಕಣಿವೆಗೆ ಬಂದು ಹೋಗ್ತಾಳೆ, ನಿಮ್ಮ ಆಳಿಗೆ ಸ್ವಲ್ಪ ಬುದ್ಧಿ ಹೇಳಿ" ಅಂದೆ. ಅದರ ಮರುದಿನ ಅವರು ನಾಯಿ ಬಿಟ್ಟರು. ಶನಿವಾರ ಬರುವುದಾದರೆ ನನ್ನ ಹತ್ತಿರವೇ ಬಾ.