ಕಲ್ನವಣೆ ಮತ್ತು ಗುಬ್ಬಿಯ ಕೊಕ್ಕು

ಮುದ್ದನಕೇರಿ, ಕರಿನೆಲದ ಸೀಮೆ
ಫೆಬ್ರುವರಿ 30, 2297

ಇನ್ನೂರ ಎಪ್ಪತ್ತು ವರ್ಷ ಹಿಂದಿನವರಿಗೆ,

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಈಗ ಎಲ್ಲ ತಿಂಗಳಿಗೂ ಮೂವತ್ತು ದಿನ. ಈ ಪತ್ರದಲ್ಲಿ ನಿಮ್ಮ ಕಾಲದ ನಂತರ ಹುಟ್ಟಿದ ಕೆಲವು ಪದಗಳಿವೆ. ಅವು ಬಂದಲ್ಲಿಯೇ ಅರ್ಥ ಹೇಳುತ್ತೇನೆ. ಓದಲು ತೊಡಕಾದರೆ ಮನ್ನಿಸಿ.

ನನ್ನ ಹೆಸರು ಗಂಗಮಾಳವ್ವ. ಈ ಊರಿನ ಕೊಕ್ಕಳತೆಯವಳು. ವಾರಕ್ಕೊಮ್ಮೆ ಬಲೆ ಹಾಕಿ ಗುಬ್ಬಿ ಹಿಡಿಯುವುದು, ಕೊಕ್ಕಿನ ದಪ್ಪ ಅಳೆಯುವುದು, ಕಾಲಿಗೆ ಉಂಗುರ ತೊಡಿಸಿ ಬಿಡುವುದು ನನ್ನ ಕೆಲಸ. ನನಗಿಂತ ಮೊದಲು ನನ್ನ ಸೋದರತ್ತೆ ಇದನ್ನೇ ಮಾಡುತ್ತಿದ್ದಳು. ಇಬ್ಬರದೂ ಸೇರಿ ಅರವತ್ತು ವರ್ಷದ ಅಳತೆಗಳಿವೆ.

ಉಪ್ಪೇರಿದ ನಮ್ಮ ನೆಲದಲ್ಲಿ ಬೆಳೆಯುವುದು ಕಲ್ನವಣೆ ಒಂದೇ. ನಿಮ್ಮ ನವಣೆಯನ್ನೇ ತಿದ್ದಿ ಮಾಡಿದ ತಳಿ. ಹುಳ ಹಿಡಿಯಬಾರದು, ಮುಗ್ಗಬಾರದು ಎಂದು ಅದರ ಸಿಪ್ಪೆಯನ್ನು ಕಲ್ಲಿನಂತೆ ಗಟ್ಟಿ ಮಾಡಿದರು. ಬೆಳಗಾದರೆ ಪ್ರತಿ ಮನೆಯಲ್ಲೂ ಅದನ್ನು ಒಡೆಯುವ ಸದ್ದು. ಎಷ್ಟು ಕೇರಿದರೂ ರೊಟ್ಟಿಯಲ್ಲಿ ಸಿಪ್ಪೆಯ ಚೂರು ಸಿಗುತ್ತದೆ. ಹೊಲದ ಕೊನೆಯ ಎರಡು ಸಾಲು ಕೊಯ್ಯದೆ ಬಿಡುವುದು ನಮ್ಮ ಪದ್ಧತಿ. ಅದಕ್ಕೆ ಹಕ್ಕಿ ಪಾಲು ಎನ್ನುತ್ತೇವೆ. ಇದು ಬರಿಯ ಧರ್ಮವಲ್ಲ. ಎಳೆ ಪೈರಿನ ಸುಳಿಯೊಳಗೆ ಕುಳಿತು ತಿನ್ನುವ ಹುಳುವಿಗೆ ಈಗ ಯಾವ ಔಷಧವೂ ನಾಟುವುದಿಲ್ಲ. ಗುಬ್ಬಿ ಮಾತ್ರ ಸುಳಿಗೆ ಕೊಕ್ಕು ತೂರಿಸಿ ಅದನ್ನು ಎಳೆದು ಮರಿಗೆ ಉಣಿಸುತ್ತಿತ್ತು. ಗುಬ್ಬಿ ಇದ್ದರೆ ಊರು ಎಂಬ ಸ್ಥಿತಿ ನಮ್ಮದು.

2281ರಿಂದ ಮೂರು ವರ್ಷ ಬಡಗಣದಿಂದ ದೂಳು ಬಂತು. ಗುಬ್ಬಿಗಳು ಹೆಚ್ಚಾಗಿ ತಿನ್ನುತ್ತಿದ್ದ ಬದುವಿನ ಹುಲ್ಲೆಲ್ಲ ಅದರಡಿ ಹೂತುಹೋಗಿ ಬೀಜ ಕಟ್ಟಲಿಲ್ಲ. ಗುಬ್ಬಿಗಳು ಸಾಯತೊಡಗಿದವು. ಪ್ರತಿ ಮಾಳಿಗೆಯ ಮೇಲೂ ಒಂದು ತಟ್ಟೆ ಕಲ್ನವಣೆ ಇಡಬೇಕೆಂದು ಊರಿಗೆ ಹೇಳಿದವಳು ನಾನು. ಜನ ತಮ್ಮ ಪಾಲಿನಲ್ಲೇ ಕಡಿಮೆ ಮಾಡಿಕೊಂಡು ಇಟ್ಟರು. ಗುಬ್ಬಿಗಳು ತುಂಬಿದ ತಟ್ಟೆಯ ಪಕ್ಕದಲ್ಲೇ ಸತ್ತು ಬಿದ್ದವು. ರೋಗವೆಂದು ತಿಳಿದು ನಾನು ತಟ್ಟೆಗಳನ್ನು ಬೂದಿನೀರಿನಲ್ಲಿ ತೊಳೆಸಿದೆ. ನೆರೆಮನೆಯ ಮುದುಕಿ ಹೊನ್ನಕ್ಕ ಸತ್ತ ಹಕ್ಕಿಯೊಂದನ್ನು ಅಂಗೈಯಲ್ಲಿಟ್ಟುಕೊಂಡು ಬಂದಳು.

“ಯವ್ವಾ ತಂಗಿ, ಇದರ ಹೊಟ್ಟಿ ಮುಟ್ಟಿ ನೋಡು, ಬೆನ್ನಿಗೆ ಹತ್ತೇತಿ. ಜಡ್ಡಲ್ಲ ಇದು, ಹಸಿವು. ನನ್ನಂಥ ಬೋಳ ಬಾಯಿಯಾಕಿಗೆ ಹುರಗಡ್ಲಿ ಇಟ್ಟು ಉಣ್ಣವಾ ಅಂದಂಗಾತು!”

ಅಂದು ಸತ್ತವನ್ನೆಲ್ಲ ಅಳೆದೆ. ಇನ್ನೂರ ಹನ್ನೆರಡು ಹಕ್ಕಿಗಳು, ಕೊಕ್ಕಿನ ಸರಾಸರಿ ದಪ್ಪ 7.6 ಮಿಲಿಮೀಟರ್. ಬದುಕಿದ್ದವುಗಳದು 9.1. ಕಾಳು ಒಡೆದೂ ಒಡೆದೂ ಕೊಕ್ಕು ದಪ್ಪವಾಯಿತೆಂದು ಊರಲ್ಲಿ ಈಗಲೂ ಹೇಳುವವರಿದ್ದಾರೆ. ಅದು ಸುಳ್ಳು. ಒಂದು ಹಕ್ಕಿಯ ಕೊಕ್ಕೂ ದಪ್ಪವಾಗಲಿಲ್ಲ. ದಪ್ಪ ಕೊಕ್ಕಿನ ಕೆಲವು ಮೊದಲೇ ಇದ್ದವು. ಸಣ್ಣ ಕೊಕ್ಕಿನವು ಗೂಡು ಕಟ್ಟುವ ಮೊದಲೇ ಸತ್ತವು. ಉಳಿದವು ಮರಿ ಮಾಡಿದವು, ಮರಿಗಳು ತಂದೆತಾಯಿಯನ್ನು ಹೋಲಿದವು. ನಾನಿಟ್ಟ ತಟ್ಟೆಯೇ ಜರಡಿಯಾಗಿತ್ತು.

ಐದು ವರ್ಷದಲ್ಲಿ ಗುಬ್ಬಿಗಳ ಸಂಖ್ಯೆ ಮೊದಲಿನಷ್ಟೇ ಆಯಿತು. ನಾವು ಹಿಗ್ಗಿದೆವು. ಆಮೇಲೆ ಪೈರಿನ ಸುಳಿ ಒಣಗತೊಡಗಿತು. ದಪ್ಪ ಕೊಕ್ಕು ಸುಳಿಯೊಳಗೆ ಹೋಗುವುದಿಲ್ಲ. ಅವು ಮರಿಗೆ ಮಿಡತೆ ಹಿಡಿದು ತಂದವು, ಹುಳು ಹೊಲದಲ್ಲೇ ಉಳಿಯಿತು.

2290ರಲ್ಲಿ ಸಣ್ಣ ಕೊಕ್ಕಿನ ಆರು ಗುಬ್ಬಿಗಳು ಸಿಕ್ಕವು. ಬಲೆಮನೆಯಲ್ಲಿಟ್ಟು, ಕಾಳು ಒಡೆದು ನುಚ್ಚು ಹಾಕಿ ಸಾಕಿದೆವು. ಒಡೆಯುವ ಯಂತ್ರ ನೋಡಿಕೊಳ್ಳುವ ದ್ಯಾಮಣ್ಣ ದಿನವೂ ಅಣಕಿಸುತ್ತಿದ್ದ: “ಏನ್ರಿ ಅಕ್ಕಾರ, ಮಕ್ಕಳಿಗೆ ನುಚ್ಚಿಲ್ಲ, ನಿಮ್ಮ ಗುಬ್ಬಿಗೆ ಬಾಣಂತನ ನಡಿಸೀರಿ. ತೊಟ್ಲಾನೂ ಕಟ್ಟೂಣೇನ?” ಹೀಗೆನ್ನುತ್ತಲೇ ಒಂದು ಹಿಡಿ ನುಚ್ಚು ಸುರಿದು ಹೋಗುತ್ತಿದ್ದ.

ಆರು ನಲವತ್ತಾದವು. ಕಳೆದ ವರ್ಷ ಬಿತ್ತನೆಗೆ ಮುಂಚೆ ಅವನ್ನು ಹೊರಗೆ ಬಿಟ್ಟೆವು. ಅವು ಬದುಕಿ ಉಳಿದರೆ ಊರಲ್ಲಿರುವುದು, ಇಲ್ಲದಿದ್ದರೆ ಊರು ಬಿಡುವುದು ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದೆವು. ಈ ವಾರ ಮುನ್ನೂರು ಹಕ್ಕಿ ಹಿಡಿದೆ. ನಾವು ಬಿಟ್ಟವುಗಳಲ್ಲಿ ಸಿಕ್ಕಿದ್ದು ಎರಡು, ಎರಡೂ ಎಲುಬು ಕಾಣುವಷ್ಟು ಬಡಕಲಾಗಿದ್ದವು. ಹಕ್ಕಿಯನ್ನು ಬಿಟ್ಟೆವೇ ಹೊರತು ಹೊಲವನ್ನು ಬದಲಿಸಿರಲಿಲ್ಲ. ದೂಳಿನಡಿ ಹೋದ ಹುಲ್ಲು ಮತ್ತೆ ಹುಟ್ಟಿರಲಿಲ್ಲ, ಹೊರಗೆ ಅವಕ್ಕೆ ತಿನ್ನಲು ಕಲ್ನವಣೆಯಷ್ಟೇ ಇತ್ತು. ಅದೇ ತಪ್ಪನ್ನು ನಾನು ಎರಡನೆಯ ಬಾರಿ ಮಾಡಿದ್ದೆ. ಬೇರೆ ಏನಾದರೂ ಬಿತ್ತೋಣವೆಂದರೆ ನಮ್ಮ ಹತ್ತಿರ ಬೇರೆ ಬೀಜವೇ ಇಲ್ಲ.

ನಿಮ್ಮ ಹತ್ತಿರ ಇದೆ. ಸಾಮೆ, ಹಾರಕ, ಕೊರಲೆ, ಬರಗು ಇವೆ. ಬದುವಿನ ಮೇಲೆ ಯಾರೂ ಬಿತ್ತದ ಹುಲ್ಲಿದೆ. ಅದನ್ನು ಕಳೆಯೆಂದು ಸುಡಬೇಡಿ. ಹಕ್ಕಿಗೆ ಪಾಲು ಬಿಡುವಾಗ ಒಂದೇ ಕಾಳು ಬಿಡಬೇಡಿ. ಹಕ್ಕಿಗಳ ಸಂಖ್ಯೆ ಕಡಿಮೆಯಾಗಿಲ್ಲವೆಂದು ಯಾರಾದರೂ ಹೇಳಿದರೆ, ಯಾವ ಹಕ್ಕಿಗಳು ಎಂದು ಕೇಳಿ.

ಮಾರ್ಚ್ ಒಂಬತ್ತರಂದು ನಾವು ತೆಂಕಣಕ್ಕೆ ಹೊರಡುತ್ತೇವೆ. ಹೊನ್ನಕ್ಕ ಈಗಿಲ್ಲ. ದ್ಯಾಮಣ್ಣ ಯಂತ್ರ ಬಿಚ್ಚುತ್ತಿದ್ದಾನೆ. ಗುಬ್ಬಿಗಳು ಇಲ್ಲಿಯೇ ಇರುತ್ತವೆ. ಹುಳು ತಿಂದು ಉಳಿದ ಕಲ್ನವಣೆ ಹೊಲದಲ್ಲಿ ಅಲ್ಲಲ್ಲಿ ತಾನಾಗಿ ಬಿದ್ದು ಮೊಳೆಯುತ್ತಿದೆ. ಒಂದು ಊರಿಗೆ ಅದು ಸಾಲದು, ಅವಕ್ಕೆ ಸಾಕು.

ಗಂಗಮಾಳವ್ವ