ಕೇಳುತ್ತಿರುವವರು ಒಬ್ಬರು

ಮೈಸೂರು
ಅಕ್ಟೋಬರ್ 8, ಬುಧವಾರ

ಅಮ್ಮಾ,

ಕಾಗದ ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸು. ಪೋಸ್ಟಿನಲ್ಲಿ ಏನಾದರೂ ಬಂದರೆ ನಿನಗೆ ಎದೆ ಹೊಡೆದುಕೊಳ್ಳುತ್ತದೆ ಅಂತ ಗೊತ್ತು. ಹೆದರಬೇಡ, ನನಗೇನೂ ಆಗಿಲ್ಲ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಊಟ ಆಯ್ತಾ ಅನ್ನುತ್ತೀಯ, ನಾನು ಆಯ್ತು, ನಿಂದು ಅನ್ನುತ್ತೇನೆ, ಅಲ್ಲಿಗೆ ಇಬ್ಬರ ಮಾತೂ ಮುಗಿದುಹೋಗುತ್ತದೆ. ಕಾಗದದಲ್ಲಾದರೆ ನೀನು ನಡುವೆ "ಸರಿ, ಇಡ್ಲಾ?" ಅನ್ನುವ ಹಾಗಿಲ್ಲ.

ಐದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ಹಾಸ್ಟೆಲಿನಲ್ಲೇ ಬೆಳೆದವಳು ನಾನು. ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಪರೀಕ್ಷೆ ಬಿಟ್ಟರೆ ಇದೇ ಮೊದಲು. ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ಇಲ್ಲಿ ಚೆನ್ನಾಗಿದ್ದೇನೆ. ಬಿ.ಎಸ್ಸಿ. ಅಷ್ಟೇನೂ ಕಷ್ಟವಿಲ್ಲ. ಇಂಟರ್ನಲ್ಸ್ ಮುಗಿದವು, ಪರವಾಗಿಲ್ಲ. ನಮ್ಮ ವಾರ್ಡನ್ ನೇತ್ರಾವತಿ ಮೇಡಂ ಒಳ್ಳೆಯವರು; ಸಂಜೆ ಅಟೆಂಡೆನ್ಸ್ ಕೂಗುವಾಗ ನನ್ನ ಹೆಸರು ಬಂದರೆ ತಲೆಯೆತ್ತಿ ಮುಖ ನೋಡುತ್ತಾರೆ. ಹಾಸನದಲ್ಲಿ ನೀನೂ ಅದೇ ಹೊತ್ತಿಗೆ ನಿನ್ನ ಪಿ.ಜಿ. ಹಾಸ್ಟೆಲಿನ ಹುಡುಗಿಯರ ಹೆಸರು ಕೂಗುತ್ತಿರುತ್ತೀಯ, ಅಲ್ವಾ? ಅದು ನೆನಪಾದ ದಿನ ನಾನು 'ಪ್ರೆಸೆಂಟ್' ಅನ್ನುವುದು ಸ್ವಲ್ಪ ತಡವಾಗುತ್ತದೆ. ಮೇಡಂ ಇನ್ನೊಂದು ಸಲ ಕೂಗುತ್ತಾರೆ.

ವಿಷಯಕ್ಕೆ ಬರುತ್ತೇನೆ. ಅಪ್ಪನ ಸ್ಟೀರಿಯೋ ವಿಷಯ.

ಬೈಯಬೇಡ. ಆ ಪೆಟ್ಟಿಗೆಯ ಮಾತೆತ್ತಿದರೆ ನಿನಗಾಗುವುದಿಲ್ಲ. "ಮಾತಾಡಿ ಅಂದ್ರೆ ಹಾಡು ಹಾಕ್ತಾರೆ ಕಣಕ್ಕ" ಅಂತ ನೀನು ಗಂಗಾಮಣಿ ದೊಡ್ಡಮ್ಮನ ಹತ್ತಿರ ಹೇಳಿದ್ದನ್ನು ನಾನು ಚಿಕ್ಕವಳಾಗಿದ್ದಾಗ ಕೇಳಿಸಿಕೊಂಡಿದ್ದೆ. ನಿಜವೇ. ಆನೇಮಹಲ್‌ನ ನಮ್ಮ ಮನೆಯಲ್ಲಿ ಹೈವೇ ಲಾರಿಗಳು ಮಾತಾಡುತ್ತಿದ್ದವು, ಸ್ಪೀಕರ್ ಮಾತಾಡುತ್ತಿತ್ತು, ಅಪ್ಪ ಆಡುತ್ತಿರಲಿಲ್ಲ. ಏಳನೇ ಕ್ಲಾಸಿನ ಬೇಸಿಗೆ ರಜೆಗೆ ಬಂದಾಗ ಬಾಗಿಲ ಹತ್ತಿರ ನಿನ್ನ ಚಪ್ಪಲಿ ಇರಲಿಲ್ಲ. ಅಮ್ಮ ಎಲ್ಲಿ ಅಂದೆ. ಅಪ್ಪ ವಾಲ್ಯೂಮ್ ಒಂಚೂರು ಜಾಸ್ತಿ ಮಾಡಿದ. ನಿನ್ನ ಮೇಲೆ ಸಿಟ್ಟು ಬಂದದ್ದೂ, ನೀನು ಯಾಕೆ ಹೋದೆ ಅಂತ ಅರ್ಥವಾದದ್ದೂ ಒಂದೇ ಗಳಿಗೆಯಲ್ಲಿ.

ನೀನು ಹೋದ ಮೇಲೆ ಅಪ್ಪನ ಆ ಹುಚ್ಚು ಇನ್ನೂ ಬೆಳೆಯಿತು. ಹೈವೇ ಉದ್ದಕ್ಕೂ ನೆಟ್ಟಿನ ಕೇಬಲ್ ಎಳೆದಾಗ ನಮ್ಮ ಸಾಲಿನಲ್ಲಿ ಮೊದಲು ಹಾಕಿಸಿಕೊಂಡವನು ಅಪ್ಪ. ಹಿಂದಿನ ಸ್ಟೋರಿನಲ್ಲಿ, ಕಾಫಿ ಮೂಟೆಗಳ ಪಕ್ಕ, ಒಂದು ಕಂಪ್ಯೂಟರ್ ಇಟ್ಟ. ಇದ್ದಬದ್ದ ಕ್ಯಾಸೆಟ್ಟು, ಸಿ.ಡಿ. ಎಲ್ಲ ಅದರೊಳಗೆ ತುಂಬಿಸಿದ. ಅದರ ಜೊತೆ ಇಂಟರ್ನೆಟ್ ರೇಡಿಯೋ, ಎಲ್ಲೆಲ್ಲಿಯದೋ ದೇಶಗಳದ್ದು. ಅರ್ಥವಾಗದ ಭಾಷೆಯ ಹವಾಮಾನ ವರದಿ ಹಾಕಿಕೊಂಡು ಕಣ್ಣುಮುಚ್ಚಿ ಕೂತಿರುತ್ತಿದ್ದ. ಏನಪ್ಪಾ ಇದು ಅಂದರೆ, "ನಮ್ಮೂರ್ ಮಳೆ ಬಗ್ಗೆ ಯಾವನೂ ಸರ್ಯಾಗ್ ಹೇಳಾಕಿಲ್ಲ. ಇವ್ರಾದ್ರೆ ಸುಳ್ ಹೇಳುದ್ರೂ ನಂಗ್ ಗೊತ್ತಾಗಾಕಿಲ್ಲ, ಅದ್ಕೆ ವಾಸಿ" ಅಂದ. ನಾನು ನಕ್ಕಿದ್ದಕ್ಕೆ ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಮಾರನೇ ದಿನ ಅದೇ ಜೋಕನ್ನು ಇನ್ನೊಂದು ಸಲ ಹೇಳಿದ.

ನಾನು ಪಿ.ಯು.ಸಿ.ಗೆ ಸೇರಿ ಕೈಗೆ ಮೊಬೈಲ್ ಬಂದಾಗ ಒಂದು ಲಿಂಕ್ ಕಳಿಸಿದ. ಅದನ್ನು ಒತ್ತಿದರೆ ನಮ್ಮ ನಡುಮನೆಯ ಸ್ಟೀರಿಯೋದಲ್ಲಿ ಆಗ ಏನು ಬರುತ್ತಿದೆಯೋ ಅದೇ ನನ್ನ ಕಿವಿಯಲ್ಲಿ. ಸ್ಟೋರಿನ ಕಂಪ್ಯೂಟರಿನಿಂದ ಹಾಡು ನೆಟ್ಟಿಗೆ ಹೋಗುತ್ತದೆ. ಅಲ್ಲಿಂದ ಸ್ಟೀರಿಯೋಗೂ ಬರುತ್ತದೆ, ನನಗೂ ಬರುತ್ತದೆ. ಹೇಗೆ ಬರುತ್ತದೆ ಅಂತ ನಾನು ಕೇಳಲಿಲ್ಲ. ಸ್ಟೀರಿಯೋ ಹಿಂದೆ ತಂತಿಗಳ ಗಂಟು, ಜೇಡ ಇರುತ್ತದೆ ಅಂತ ಆ ಕಡೆ ಬಗ್ಗಿ ನೋಡಿದವಳೂ ಅಲ್ಲ.

ಒಂದು ಸಂಜೆ ಹಾಡು ನಿಂತು ಅಪ್ಪನ ದನಿ ಬಂತು. "ಪುಟ್ಟಿ, ಆನೆ ಬಂದವೆ ಕಣೆ. ಕೇಳು." ಆಮೇಲೆ ಮೈಕನ್ನು ಕಿಟಕಿಗೆ ಹಿಡಿದಿರಬೇಕು. ಹಿತ್ತಲಿನ ಬಾಳೆ ಲಟಲಟ ಮುರಿಯುವ ಸದ್ದು. ಪಕ್ಕದ ಮನೆ ಈರಮ್ಮ ತಟ್ಟೆ ಬಡಿಯುತ್ತಾ, "ಹೋಗ್ರಪ್ಪ ಸ್ವಾಮಿ, ನಮ್ಗೂ ಒಸಿ ಬುಟ್ಟು ಹೋಗ್ರಪ್ಪ" ಅಂತ ಮರ್ಯಾದೆ ಕೊಟ್ಟು ಬೈಯುವುದು. ನಾನೂ ರೂಮಿನ ಹುಡುಗಿಯರೂ ಒಂದೇ ಇಯರ್‌ಫೋನಿಗೆ ಕಿವಿ ಕೊಟ್ಟು ಕೇಳಿದೆವು. ಅವರು ನಗುತ್ತಿದ್ದರು. ಆ ವರ್ಷ ಅಪ್ಪ ತಾನಾಗಿ ನನ್ನ ಜೊತೆ ಆಡಿದ ಮಾತು ಅದೊಂದೇ ಅಂತ ನಾನು ಅವರಿಗೆ ಹೇಳಲಿಲ್ಲ.

ಆ ಲಿಂಕಿನ ಪುಟದ ಕೆಳಗೆ, ಸಣ್ಣಕ್ಷರದಲ್ಲಿ, ಈಗ ಎಷ್ಟು ಜನ ಕೇಳುತ್ತಿದ್ದಾರೆ ಅಂತ ಒಂದು ಅಂಕಿ ಇರುತ್ತದೆ. ನಾನು ಕೇಳುವಾಗ ಎರಡು. ಹಾಡು ನಿಲ್ಲಿಸಿ ಬರೀ ಪುಟ ನೋಡಿದರೆ ಒಂದು. ಯಾವಾಗ ನೋಡಿದರೂ ಒಂದು. "ನನ್ನ ಬಿಟ್ಟು ಇನ್ನೊಬ್ಬರು ಯಾರಪ್ಪಾ?" ಅಂತ ಒಂದು ರಜೆಯಲ್ಲಿ ಕೇಳಿದೆ. "ಅವ್ರೆ ಬುಡು, ಕೇಳೋರು" ಅಂದ. ಅಮ್ಮನಾ ಅಂದೆ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ನಿಮ್ಮಮ್ಮಂಗೂ ಕಳ್ಸಿದ್ದೆ ಲಿಂಕು. ನೋಡವ್ಳೆ" ಅಂದು, ಎದ್ದುಹೋಗಿ ಕಾಫಿ ಬೆರೆಸಿದ. ನೀನು ನೋಡಿದ ಗುರುತು ಬಂದಿತ್ತಂತೆ, ಉತ್ತರ ಬಂದಿರಲಿಲ್ಲವಂತೆ. ನನಗೆ ಅಷ್ಟು ಸಾಕಾಯಿತು. ಧರ್ಮ ಚಿಕ್ಕಪ್ಪನನ್ನೂ ಕೇಳಿ ನೋಡಿದ್ದೆ, ನೀವೇನಾದರೂ ಅಪ್ಪನ ರೇಡಿಯೋ ಕೇಳುತ್ತೀರಾ ಅಂತ. "ನಂಗ್ಯಾಕವ್ವ ಅದು? ನಾನು ಮೊಬೈಲ್ ತೆಗ್ಯೋದೇ ಮೆಣಸಿನ್ ರೇಟ್ ನೋಡಕ್ಕೆ" ಅಂದರು. ಹಾಗಾದರೆ ಆ ಒಂದು ನೀನೇ. ಬೇರೆ ಯಾರೂ ಆಗುವ ಹಾಗಿಲ್ಲ.

ಆಗಸ್ಟಿನಲ್ಲಿ ಅಪ್ಪ ತೀರಿಹೋದ ದಿನದ ಬಗ್ಗೆ ನಿನಗೆ ಯಾರೂ ಪೂರ್ತಿ ಹೇಳಿರಲಾರರು. ನೀನು ಮಣ್ಣಿಗೆ ಬಂದೆ, ಹೆಂಗಸರ ಹಿಂದೆ ನಿಂತೆ, ನನ್ನ ತಲೆ ಸವರಿದೆ, ಸಂಜೆ ಬಸ್ಸಿಗೆ ಹೋದೆ. ಹಿಂದಿನ ದಿನ ಅಪ್ಪ ಬೆಳಿಗ್ಗೆ ಮೆಣಸಿನ ಬಳ್ಳಿ ನೋಡಲು ತೋಟಕ್ಕೆ ಇಳಿದವನು ಅಲ್ಲೇ ಕುಸಿದಿದ್ದ. ಸಿಕ್ಕಿದ್ದು ಸಂಜೆಗೆ. ಈರಮ್ಮ ಈಗಲೂ ಅದನ್ನೇ ಹೇಳಿಕೊಂಡು ಅಳುತ್ತಾಳೆ: "ಮನೇಲಿ ಹಾಡು ಬತ್ತಾನೇ ಇತ್ತು ಕಣವ್ವ. ಒಳಗವ್ನೆ ಅಂದ್ಕಂಡೆ. ತ್ವಾಟದ ಕಡೀಕ್ ಒಂದ್ ಸಲ ಹೋಗ್ ನೋಡ್ದೆ ಹೋಗ್ಬುಟ್ಟೆ." ಅವಳಿಗೆ ನಾನು ಸಮಾಧಾನ ಹೇಳುತ್ತೇನೆ. ನನಗೆ ಯಾರು ಹೇಳಬೇಕು? ನಾನೂ ಆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಲಿಂಕ್ ಒತ್ತಿದ್ದೆ. ಹಾಡು ಬರುತ್ತಿತ್ತು. ಹಾಡು ಬರುತ್ತಿದೆ ಅಂದರೆ ಅಪ್ಪ ಚೆನ್ನಾಗಿದ್ದಾನೆ ಅಂದುಕೊಂಡು ಫೋನ್ ಮಾಡಲಿಲ್ಲ. ಇದನ್ನು ನಿನಗೆ ಬಿಟ್ಟರೆ ಯಾರಿಗೂ ಹೇಳಿಲ್ಲ.

ಸ್ಟೀರಿಯೋ ಇನ್ನೂ ನಡೆಯುತ್ತಿದೆ. ಆರಿಸಲು ಈರಮ್ಮ ಬಿಡುವುದಿಲ್ಲ. "ಸದ್ದಿದ್ರೆ ಮನೇಲಿ ಜನ ಅವ್ರೆ ಅಂತ ಕೋತಿ ಹತ್ರ ಬರಾಕಿಲ್ಲ. ಗದ್ದೇಲಿ ರೇಡಿಯೋ ಕಟ್ಟಾಕಿಲ್ವಾ, ಹಂಗೇಯ" ಅನ್ನುತ್ತಾಳೆ. ಕರೆಂಟ್ ಹೋಗಿ ಬಂದರೆ ಅಪ್ಪ ತೋರಿಸಿಕೊಟ್ಟಿದ್ದ ಬಟನ್ನುಗಳನ್ನು ಅವಳೇ ಒತ್ತುತ್ತಾಳೆ. ಆಯ್ದು ಹಾಕುವವನಿಲ್ಲ. ಕಂಪ್ಯೂಟರ್ ತನಗೆ ತೋಚಿದ್ದನ್ನು ಹಾಕಿಕೊಂಡು ಹೋಗುತ್ತದೆ, ಭಜನೆಯ ಹಿಂದೆಯೇ ಯಾವುದೋ ದೇಶದ ಮಂಜು ಬೀಳುವ ವರದಿ. ಕಾರ್ಯ ಮುಗಿಸಿ ಹಾಸ್ಟೆಲಿಗೆ ಬಂದ ದಿನ ಪುಟ ತೆಗೆದು ನೋಡಿದೆ. ಒಂದು. ಅಮ್ಮ ಇನ್ನೂ ಕೇಳುತ್ತಿದ್ದಾಳೆ ಅಂತ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೆ ಮುಖ ತೊಳೆದು ಊಟಕ್ಕೆ ಹೋದೆ. ಅವತ್ತಿನಿಂದ ಅದೇ ನನಗೆ ಅಭ್ಯಾಸ. ಕ್ಲಾಸಿಗೆ ಹೋಗುವ ಮೊದಲು ಒಂದು ಸಲ ಅಂಕಿ ನೋಡುವುದು. ಒಂದು ಇದ್ದರೆ ಬ್ಯಾಗ್ ಎತ್ತಿಕೊಂಡು ಹೊರಡುವುದು.

ಇಂಟರ್ನಲ್ಸ್ ಪರವಾಗಿಲ್ಲ ಅಂತ ಮೇಲೆ ಬರೆದೆನಲ್ಲ, ಸುಳ್ಳು. ಕೆಮಿಸ್ಟ್ರಿ ನಾನು ಬರೆದೇ ಇಲ್ಲ. ಮಧ್ಯಾಹ್ನದ ಪೇಪರ್. ಹಾಲ್ ಟಿಕೆಟ್ ಹಿಡಿದು ಕಾರಿಡಾರಿನಲ್ಲಿ ಕೂತು ಕೇಳುತ್ತಿದ್ದೆ. ಒಂದು ಹಾಡು ಮುಗಿಯಿತು. ಏನೋ ಖರಖರ ಅಂದಿತು. "ಹಲೋ, ಹಲೋ" ಅಂದ ಅಪ್ಪ. ಯಾವತ್ತೋ ಮೈಕ್ ತಂದ ಹೊಸತರಲ್ಲಿ ಸರಿಯಾಗಿದೆಯಾ ಅಂತ ನೋಡಲು ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿದ್ದಿರಬೇಕು, ಅದೂ ಹಾಡುಗಳ ಜೊತೆ ಸೇರಿಕೊಂಡಿದೆ. ಅದರ ಹಿಂದೆಯೇ ದೂರದಿಂದ, ಅಡುಗೆಮನೆಯಿಂದ, ನೀನು:

"ಯಾರ್ಗ್ರೀ ಅದು ಹಲೋ? ಒಂದ್ ದಿನ ನಂಗಂದೀರಾ ಹಲೋ ಅಂತ? ಆ ಪೆಟ್ಗೆ ಒಸಿ ಆರ್ಸ್ ಬನ್ರಿ, ಕಾಪಿ ಆರೋಗ್ತಾ ಐತೆ."

ಅಪ್ಪ ಮೈಕಿಗೇ "ಹಲೋ ಪುಷ್ಪಾ" ಅಂದ. ನೀನು ನಕ್ಕೆ. ಅವನೂ ನಕ್ಕ. ಅಷ್ಟೇ. ಮುಂದಿನ ಹಾಡು ಶುರುವಾಯಿತು.

ನೀವಿಬ್ಬರೂ ಒಟ್ಟಿಗೆ ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೂಡಲೇ ಅಂಕಿ ನೋಡಿದೆ. ಎರಡು ಇತ್ತು. ನೀನೂ ಕೇಳಿಸಿಕೊಂಡೆ, ನಾನು ಕೇಳಿಸಿಕೊಂಡ ಅದೇ ಗಳಿಗೆಯಲ್ಲಿ, ಹಾಸನದಲ್ಲಿ ಕೂತು. ಈಗ ಫೋನ್ ಬರುತ್ತದೆ, ಈಗ ಬರುತ್ತದೆ ಅಂತ ಕಾಯುತ್ತಾ ಕೂತೆ. ಬೆಲ್ ಹೊಡೆಯಿತು, ಎಲ್ಲರೂ ಒಳಗೆ ಹೋದರು, ಬಾಗಿಲು ಹಾಕಿದರು. ನೀನು ಮಾಡಲಿಲ್ಲ. ನಿನಗೂ ನನ್ನ ಹಾಗೇ ಆಗಿರಬೇಕು, ಏನು ಮಾತಾಡುವುದು ಅಂತ ತೋಚಿರಲಿಕ್ಕಿಲ್ಲ.

ಈಗ ಚಿಕ್ಕಪ್ಪ ಮನೆಯನ್ನು ಹೋಂಸ್ಟೇ ನಡೆಸುವವರಿಗೆ ಕೊಡಲು ಮಾತಾಡಿದ್ದಾರೆ, ದೀಪಾವಳಿ ಕಳೆದ ಮೇಲೆ. ತಪ್ಪೇನಿಲ್ಲ, ಖಾಲಿ ಮನೆ. "ಕಂಪ್ಯೂಟ್ರು ಮೂಲೇಗ್ ಕಟ್ಟಿಡನ. ಸ್ಪೀಕ್ರು ಬಂದೋರ್ಗೆ ಡ್ಯಾನ್ಸಿಗಾಯ್ತದೆ. ಬಲವಂತ ಇಲ್ಲ, ನೀನೇನಂತೀಯ ಮಗ?" ಅಂದರು. ಯೋಚನೆ ಮಾಡಿ ಹೇಳುತ್ತೇನೆ ಅಂದೆ.

ನಾನು ಯೋಚನೆ ಮಾಡುವುದೇನೂ ಇಲ್ಲ ಅಮ್ಮಾ. ನೀನು ಕೇಳುತ್ತಿದ್ದೀಯ ಅಂದರೆ ಬೇಡ ಅನ್ನುತ್ತೇನೆ, ಚಿಕ್ಕಪ್ಪ ಒಪ್ಪುತ್ತಾರೆ. ರಜೆ ಬಂದರೆ ಎಲ್ಲಿಗೆ ಹೋಗ್ತೀಯ ಅಂತ ಇಲ್ಲಿ ಎಲ್ಲರೂ ಕೇಳುತ್ತಾರೆ. ಊರಿಗೆ ಅನ್ನುತ್ತೇನೆ. ಊರಲ್ಲಿ ಯಾರಿದ್ದಾರೆ ಅಂದರೆ ಫೋನ್ ಬಂದ ಹಾಗೆ ಮಾಡಿ ಎದ್ದು ಹೋಗುತ್ತೇನೆ. ಈ ದೀಪಾವಳಿ ರಜೆಗೆ ನೀನೂ ಆನೇಮಹಲ್‌ಗೆ ಬಾ. ಎರಡೇ ದಿನ ಸಾಕು. ಮಾತಾಡಲೇಬೇಕು ಅಂತಿಲ್ಲ. ಆ ರೆಕಾರ್ಡಿಂಗ್ ಎಲ್ಲಿದೆ ಅಂತ ಹುಡುಕಿ ಇಡುತ್ತೇನೆ, ನಡುಮನೆಯಲ್ಲಿ ಕೂತು ಒಂದು ಸಲ ಒಟ್ಟಿಗೆ ಕೇಳೋಣ. ಬೇಡ ಅನ್ನಿಸಿದರೆ ನೀನೇ ಎದ್ದು ಪೆಟ್ಟಿಗೆ ಆರಿಸು, ನಾನು ಏನೂ ಅನ್ನುವುದಿಲ್ಲ.

ನೀನೇ ತಾನೇ ಅದು? ಹೌದು ಅಂತ ಒಂದು ಮಾತು ಬರೆ.

ನಿನ್ನ ಮಗಳು,
ನವ್ಯ

ಅಂದ ಹಾಗೆ,

ಇವತ್ತು ಭಾನುವಾರ, ಆನೇಮಹಲ್‌ನಲ್ಲಿದ್ದೇನೆ. ಮೇಲಿನದನ್ನು ಬರೆದು ಪೋಸ್ಟ್ ಮಾಡಲು ಧೈರ್ಯವಾಗದೆ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ. ಸ್ವೆಟರ್ ತೆಗೆದುಕೊಂಡು ಹೋಗಲು ಬಂದವಳು ಸ್ಟೀರಿಯೋ ಹಿಂದೆ ಧೂಳು ಹೊಡೆಯೋಣ ಅಂತ ಮುಂದಕ್ಕೆ ಎಳೆದೆ. ಹಿಂದೆ ನಿನ್ನ ಹಳೇ ಫೋನ್ ಇದೆ. ಮೂಲೆಯ ಗಾಜು ಒಡೆದಿದ್ದು, ಹೋಗುವಾಗ ನೀನು ಬಿಟ್ಟು ಹೋಗಿದ್ದು. ಅಪ್ಪ ಅದಕ್ಕೆ ಚಾರ್ಜರ್ ಸಿಕ್ಕಿಸಿ, ತಂತಿಯಲ್ಲಿ ಸ್ಟೀರಿಯೋಗೆ ಜೋಡಿಸಿದ್ದಾನೆ. ನೆಟ್ಟಿನಿಂದ ಹಾಡು ಅದಕ್ಕೆ ಬಂದು, ಅದರಿಂದ ಸ್ಪೀಕರಿಗೆ ಹೋಗುತ್ತಿತ್ತು. ಅದರಲ್ಲೂ ಅದೇ ಪುಟ ತೆರೆದಿತ್ತು. ನಿಲ್ಲಿಸಿದೆ. ಮನೆ ಥಟ್ಟನೆ ಸುಮ್ಮನಾಯಿತು. "ಯಾಕವ್ವ ನಿಂತೋಯ್ತು?" ಅಂತ ಈರಮ್ಮ ಬೇಲಿಯ ಆಚೆಯಿಂದ ಕೂಗಿದಳು. ನನ್ನ ಮೊಬೈಲಿನಲ್ಲಿ ಅಂಕಿ ನೋಡಿದೆ. ಸೊನ್ನೆ. ಮತ್ತೆ ಒತ್ತಿದೆ. ಒಂದು.

ಕಟ್ಟಿದವನು ಅಪ್ಪ. ಅವನಿಗೆ ಗೊತ್ತಿಲ್ಲದೆ ಇರುತ್ತದಾ? ನಾನು ಅಮ್ಮನಾ ಅಂದಾಗ ನನ್ನ ಮುಖ ನೋಡಿ, ಅಲ್ಲ ಅನ್ನಲಾಗದೆ ಕಾಫಿ ಬೆರೆಸಲು ಎದ್ದುಹೋಗಿದ್ದಾನೆ.

ಆ ಪರೀಕ್ಷೆಯ ಮಧ್ಯಾಹ್ನ ನೀನು ಕಾಪಿ ಆರೋಗ್ತಾ ಐತೆ ಅಂದದ್ದು ಈ ನಡುಮನೆಯಲ್ಲಿ ಜೋರಾಗಿಯೇ ಕೇಳಿಸಿರುತ್ತದೆ. ಇಲ್ಲಿ ಯಾರೂ ಇರಲಿಲ್ಲ.

ಕಾಗದ ಹರಿಯೋಣ ಅಂದುಕೊಂಡೆ, ಆಗಲಿಲ್ಲ. ನಾಳೆ ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಸಕಲೇಶಪುರದಲ್ಲಿ ಪೋಸ್ಟ್ ಮಾಡುತ್ತೇನೆ. ಲಿಂಕನ್ನು ಹಾಳೆಯ ಹಿಂಬದಿಯಲ್ಲಿ ದೊಡ್ಡಕ್ಷರದಲ್ಲಿ ಬರೆದಿದ್ದೇನೆ, ಆ ಮೆಸೇಜ್ ನಿನ್ನ ಹತ್ತಿರ ಈಗ ಇಲ್ಲದಿದ್ದರೆ ಅಂತ. ಚಿಕ್ಕಪ್ಪನಿಗೆ ಇನ್ನೂ ಏನೂ ಹೇಳಿಲ್ಲ. ದೀಪಾವಳಿಯವರೆಗಂತೂ ನಡೆಯುತ್ತದೆ. ನಿನ್ನ ಹಳೇ ಫೋನ್ ಒಂದು, ನಾನು ಎರಡು. ಮೂರು ಆಗುತ್ತದಾ ಅಂತ ನೋಡುತ್ತಿರುತ್ತೇನೆ. ಆಗದಿದ್ದರೂ ಬೇಗ ಉತ್ತರ ಬರೆ.